ಕೇಳದೆ ಬರುವ ಕೊಸರು: ಉಚಿತ ತಂತ್ರಾಂಶವನ್ನು ಯಾವ ಬಾಗಿಲಿನಿಂದ ತರಬೇಕು?

2022ರ ಫೆಬ್ರುವರಿಯಿಂದ ನವೆಂಬರ್‌ವರೆಗೆ ವಿಡಿಯೊ ನೋಡುವ ಉಚಿತ ತಂತ್ರಾಂಶವಾದ ವಿಎಲ್‌ಸಿ ಪ್ಲೇಯರ್‌ನ ಅಸಲಿ ಜಾಲತಾಣವು ಭಾರತದ ಹಲವು ಅಂತರಜಾಲ ಸಂಪರ್ಕಗಳಲ್ಲಿ ತೆರೆಯುತ್ತಿರಲಿಲ್ಲ. ಫ್ರಾನ್ಸಿನ ಲಾಭರಹಿತ ಸಂಸ್ಥೆಯಾದ ವಿಡಿಯೋಲ್ಯಾನ್ ನಡೆಸುವ ಈ ತಾಣವನ್ನು ಸರ್ಕಾರದ ಆದೇಶದಂತೆ ತಡೆಹಿಡಿಯಲಾಗಿತ್ತು. ತಡೆಗೆ ಕಾರಣವೇನೆಂದು ಆ ಸಂಸ್ಥೆಗೇ ಮೊದಲೇ ತಿಳಿಸಿರಲಿಲ್ಲ. ಅಂತರಜಾಲದ ಹಕ್ಕುಗಳಿಗಾಗಿ ದುಡಿಯುವ ಇಂಟರ್ನೆಟ್ ಫ್ರೀಡಂ ಫೌಂಡೇಶನ್‌ನ ನೆರವಿನಿಂದ ವಿಡಿಯೋಲ್ಯಾನ್ ಸರ್ಕಾರಕ್ಕೆ ಕಾನೂನು ನೋಟಿಸ್ ಕಳಿಸಿದ ಮೇಲೆ ನವೆಂಬರ್‌ನಲ್ಲಿ ತಡೆ ತೆರವಾಯಿತು. ಈ ನಡುವಿನ ಒಂಬತ್ತು ತಿಂಗಳಲ್ಲಿ ವಿಎಲ್‌ಸಿ ಬೇಕೆಂದು ಹುಡುಕಿದವರಿಗೆ ಅಸಲಿ ಬಾಗಿಲು ಮುಚ್ಚಿತ್ತು, ಅದೇ ಕಿತ್ತಳೆ ಬಣ್ಣದ ಶಂಕುವಿನ ಚಿತ್ರ ಹಾಕಿಕೊಂಡ ಹತ್ತಾರು ಬೇರೆ ಬಾಗಿಲುಗಳು ಮಾತ್ರ ತೆರೆದೇ ಇದ್ದವು. ನನ್ನ ಪರಿಚಯದವರಲ್ಲೇ ಕೆಲವರು ಆ ಬಾಗಿಲುಗಳಿಂದ ಪ್ಲೇಯರ್ ತಂದುಕೊಂಡರು. ಪ್ಲೇಯರ್ ಸರಿಯಾಗಿಯೇ ಓಡಿತು, ಆದರೆ ಬ್ರೌಸರ್‌ನ ಮುಖಪುಟ ಬದಲಾಗಿತ್ತು, ಮತ್ತು ಯಾರೂ ಕೇಳದ ಒಂದು ‘ಪಿಸಿ ಕ್ಲೀನರ್’ ಗಂಟೆಗೊಮ್ಮೆ ನಿಮ್ಮ ಗಣಕದಲ್ಲಿ ನೂರಾರು ದೋಷಗಳಿವೆ ಎಂದು ಹೆದರಿಸತೊಡಗಿತ್ತು.

ಸಂತೆಯಲ್ಲಿ ತರಕಾರಿ ಕೊಂಡರೆ ಕೊಸರಾಗಿ ಒಂದು ಹಿಡಿ ಕರಿಬೇವು ಸಿಗುತ್ತದೆ, ಅದನ್ನು ನಾವು ಕೇಳಿ ಪಡೆಯುತ್ತೇವೆ. ತಂತ್ರಾಂಶದ ಸಂತೆಯಲ್ಲಿ ಕೊಸರು ಕೇಳದೆಯೇ ಚೀಲ ಸೇರುತ್ತದೆ, ಮತ್ತು ಅದರ ಬೆಲೆಯನ್ನು ಮೂರನೆಯವರು ಅಂಗಡಿಯವನಿಗೆ ಕೊಟ್ಟಿರುತ್ತಾರೆ. ಒಂದು ಗಣಕಕ್ಕೆ ಒಂದು ಟೂಲ್‌ಬಾರ್ (ಬ್ರೌಸರ್‌ನ ತಲೆಯ ಮೇಲೆ ಬಂದು ಕೂರುವ ಬಟನ್‌ಗಳ ಪಟ್ಟಿ) ಅಥವಾ ಒಂದು ಬ್ರೌಸರ್ ಸೇರಿಸಿದರೆ ಇಂತಿಷ್ಟು ಎಂದು ಹಣ ಕೊಡುವ ಜಾಹೀರಾತು ಜಾಲಗಳು ಇವೆ. ಆದ್ದರಿಂದ ಈ ಹೋಲಿಕೆಯಲ್ಲಿ ನಾನು ‘ಯಾವ ತಂತ್ರಾಂಶ ಒಳ್ಳೆಯದು’ ಎಂಬ ಪ್ರಶ್ನೆಯನ್ನು ಎತ್ತಿಕೊಂಡಿಲ್ಲ. ಬರೆದವನ ಕೈಯಿಂದ ನಮ್ಮ ಗಣಕಕ್ಕೆ ಬರುವಷ್ಟರಲ್ಲಿ ಅದು ಎಷ್ಟು ಕೈ ದಾಟುತ್ತದೆ, ಆ ಪ್ರತಿಯೊಂದು ಕೈಗೂ ಅದರಿಂದ ಏನು ಗಿಟ್ಟುತ್ತದೆ ಎಂಬುದೇ ಇಲ್ಲಿನ ಅಳತೆಗೋಲು. ಉದಾಹರಣೆಗಳೆಲ್ಲ ಹೆಚ್ಚಾಗಿ ವಿಂಡೋಸ್ ಗಣಕಕ್ಕೆ ಸಂಬಂಧಿಸಿದವು, ಏಕೆಂದರೆ ಈ ರೋಗ ಅಲ್ಲಿಯೇ ಹೆಚ್ಚು.

ಕೊಸರಿನಲ್ಲಿಯೂ ಮೂರು ಮಟ್ಟಗಳಿವೆ, ಅವನ್ನು ಬೆರೆಸಿ ನೋಡಬಾರದು. ಮೊದಲನೆಯದು ಒಪ್ಪಿಗೆ ಕೇಳಿಯೇ ಬರುವ ‘ಕೊಡುಗೆ’. ಒರಾಕಲ್ ಸಂಸ್ಥೆಯ ಜಾವಾ ಜೊತೆಗೆ ವರ್ಷಗಟ್ಟಲೆ ಬರುತ್ತಿದ್ದ ಆಸ್ಕ್ ಟೂಲ್‌ಬಾರ್ ಇದಕ್ಕೆ ಹಳೆಯ ಉದಾಹರಣೆ. ಮೊದಲೇ ಟಿಕ್ ಹಾಕಿಟ್ಟ ಒಂದು ಚೌಕವನ್ನು ತೆಗೆಯದೆ ಮುಂದೆ ಹೋದವರೆಲ್ಲರೂ ಒಪ್ಪಿದಂತೆ ಲೆಕ್ಕ. ಎರಡನೆಯದು ಬ್ರೌಸರ್‌ನ ಹುಡುಕಾಟವನ್ನು ತನ್ನತ್ತ ತಿರುಗಿಸಿಕೊಳ್ಳುವ, ಜಾಹೀರಾತು ತೂರಿಸುವ, ತೆಗೆದರೂ ಮತ್ತೆ ಬಂದು ಕೂರುವ ಉಪದ್ರವಕಾರಿ ತಂತ್ರಾಂಶ. ಮೂರನೆಯದು ನಿಜವಾದ ಕಳ್ಳ. ಅದು ಬ್ರೌಸರ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳನ್ನೂ, ನಾವು ಈಗಾಗಲೇ ಲಾಗಿನ್ ಆಗಿದ್ದೇವೆ ಎಂದು ತಾಣಗಳಿಗೆ ಸಾಕ್ಷಿ ಹೇಳುವ ಕುಕಿಗಳನ್ನೂ ನಿಮಿಷಗಳೊಳಗೆ ಬಾಚಿಕೊಂಡು ಹೊರಗೆ ಕಳಿಸುತ್ತದೆ. ಕುಕಿ ಕೈಗೆ ಸಿಕ್ಕವನಿಗೆ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ. ಒಟಿಪಿ ಇದೆಯಲ್ಲ, ಏನಾದೀತು ಎಂಬ ನಮ್ಮ ನೆಮ್ಮದಿ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಹಾಗಾದರೆ ದಾರಿಗಳು ಯಾವುವು ಎಂದು ನೋಡುವ ಮೊದಲು ಒಂದು ಪ್ರಶ್ನೆಯನ್ನು ಮುಗಿಸಿಬಿಡುವುದು ಒಳ್ಳೆಯದು.

ಅದನ್ನು ಇಳಿಸಿಕೊಳ್ಳಲೇಬೇಕೆ?

ಜನರು ಹುಡುಕಿ ಇಳಿಸಿಕೊಳ್ಳುವ ಸಣ್ಣಪುಟ್ಟ ತಂತ್ರಾಂಶಗಳಲ್ಲಿ ಅನೇಕವು ಈಗ ಗಣಕದಲ್ಲಿ ಮೊದಲೇ ಇರುತ್ತವೆ. ಪಿಡಿಎಫ್ ಓದಲು ಬ್ರೌಸರ್ ಸಾಕು. ಪಿಡಿಎಫ್ ಮಾಡಲು ಮುದ್ರಣದ ಪಟ್ಟಿಯಲ್ಲಿಯೇ ಒಂದು ಆಯ್ಕೆ ಇದೆ. ಜಿಪ್ ಕಡತಗಳನ್ನು ವಿಂಡೋಸ್ ಬಹುಕಾಲದಿಂದ ಬಿಚ್ಚುತ್ತಿದೆ, 2023ರ ಕೊನೆಯ ಭಾಗದಿಂದ ವಿಂಡೋಸ್ 11 ರಾರ್ ಮತ್ತು 7-ಜಿಪ್ ಕಟ್ಟುಗಳನ್ನೂ ಬಿಚ್ಚುತ್ತದೆ. ‘ಡ್ರೈವರ್ ಅಪ್‌ಡೇಟರ್’, ‘ರಿಜಿಸ್ಟ್ರಿ ಕ್ಲೀನರ್’, ‘ರ್‍ಯಾಮ್ ಬೂಸ್ಟರ್’ ಎಂಬ ಹೆಸರಿನವು ಯಾರಿಗೂ ಬೇಡ. ಕೊಸರಾಗಿ ಬರುವ ಸರಕೇ ಬಹುಪಾಲು ಇವು.

ಕನ್ನಡ ಟೈಪಿಂಗ್ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಮ್ಮವರು ಎಡವುವುದು ಇಲ್ಲಿಯೇ ಹೆಚ್ಚು. ಗೂಗಲ್ ಇನ್‌ಪುಟ್ ಟೂಲ್ಸ್‌ನ ವಿಂಡೋಸ್ ಆವೃತ್ತಿಯನ್ನು ಗೂಗಲ್ ವಿತರಿಸುವುದನ್ನು ನಿಲ್ಲಿಸಿ ವರ್ಷಗಳೇ ಕಳೆದಿವೆ. ಈಗ ಅದರ ಅಧಿಕೃತ ರೂಪ ಬ್ರೌಸರ್‌ನೊಳಗೆ ಮಾತ್ರ. ಆದರೂ ‘ಆಫ್‌ಲೈನ್ ಇನ್‌ಸ್ಟಾಲರ್, ಕನ್ನಡ’ ಎಂದು ಹುಡುಕಿದರೆ ಅದನ್ನು ಇನ್ನೂ ಹಂಚುತ್ತಿರುವ ತಾಣಗಳು ಸಾಲುಗಟ್ಟಿ ಬರುತ್ತವೆ. ಒಡೆಯನೇ ಕೈಬಿಟ್ಟ ಸರಕನ್ನು ಮೂರನೆಯವನೊಬ್ಬ ವರ್ಷಗಟ್ಟಲೆ ಪುಕ್ಕಟೆಯಾಗಿ ಕಾಪಾಡಿಕೊಂಡು ಬಂದಿದ್ದಾನೆ ಎಂದರೆ ಅವನ ಉದಾರತೆಯನ್ನು ನಂಬುವ ಮೊದಲು ಅವನ ಆದಾಯದ ದಾರಿಯನ್ನು ಕೇಳಬೇಕು. ಅದರ ಬದಲು, 2019ರ ಮೇ ತಿಂಗಳ ವಿಂಡೋಸ್ 10 ಆವೃತ್ತಿಯಿಂದೀಚೆಗೆ ಕನ್ನಡದ ಫೊನೆಟಿಕ್ ಕೀಲಿಮಣೆ ವಿಂಡೋಸ್‌ನೊಳಗೇ ಇದೆ. ಸೆಟ್ಟಿಂಗ್ಸ್‌ನ ಭಾಷೆಯ ಪಟ್ಟಿಗೆ ಕನ್ನಡವನ್ನು ಸೇರಿಸಿ, ಅದರ ಆಯ್ಕೆಗಳಲ್ಲಿ ಈ ಕೀಲಿಮಣೆಯನ್ನು ಆರಿಸಿಕೊಂಡರೆ ಮುಗಿಯಿತು. ಕೆ.ಪಿ. ರಾವ್ ಅವರ ವಿನ್ಯಾಸಕ್ಕೆ ಬೆರಳು ಒಗ್ಗಿದವರಿಗೆ ಇದು ಸರಿಹೋಗುವುದಿಲ್ಲ, ಅದು ನಿಜ. ಅವರಿಗೆ ನುಡಿಯೇ ಬೇಕು. ಹಾಗಿದ್ದಲ್ಲಿ ನುಡಿಯನ್ನು ರೂಪಿಸಿದ ಕನ್ನಡ ಗಣಕ ಪರಿಷತ್ತಿನ ತಾಣದಿಂದಲೇ ತರಬೇಕು. ‘ನುಡಿ ಫ್ರೀ ಡೌನ್‌ಲೋಡ್’ ಎಂದು ಹುಡುಕಿದಾಗ ಮೊದಲು ಕಾಣುವ, ಹಸಿರು ಬಟನ್‌ಗಳಿಂದ ತುಂಬಿದ ಪುಟಗಳು ಪರಿಷತ್ತಿನವಲ್ಲ.

ಅಸಲಿ ತಾಣ

ಬರೆದವರ ಸ್ವಂತ ತಾಣದಿಂದ ತರುವುದು ಅತಿ ಹಳೆಯ, ಅತಿ ಸರಳ ದಾರಿ. ನಡುವೆ ಬೇರೆ ಕೈ ಇಲ್ಲ, ಇತ್ತೀಚಿನ ಆವೃತ್ತಿ ಸಿಗುತ್ತದೆ, ತಪ್ಪಾದರೆ ಯಾರನ್ನು ಕೇಳಬೇಕೆಂಬುದು ಗೊತ್ತಿರುತ್ತದೆ. ಇದರ ದುರ್ಬಲ ಸ್ಥಳ ತಾಣವಲ್ಲ, ತಾಣಕ್ಕೆ ಹೋಗುವ ಹಾದಿ. ನಮ್ಮಲ್ಲಿ ಹೆಚ್ಚಿನವರು ವಿಳಾಸವನ್ನು ಬರೆಯುವುದಿಲ್ಲ, ಹೆಸರನ್ನು ಗೂಗಲ್‌ನಲ್ಲಿ ಹಾಕಿ ಮೊದಲು ಬಂದದ್ದನ್ನು ಒತ್ತುತ್ತೇವೆ. ಮೊದಲು ಬರುವುದು ಅನೇಕ ಸಲ ಜಾಹೀರಾತು. 2022ರ ಡಿಸೆಂಬರ್‌ನಲ್ಲಿ ಅಮೆರಿಕದ ಎಫ್‌ಬಿಐ ಈ ಬಗ್ಗೆಯೇ ಸಾರ್ವಜನಿಕ ಎಚ್ಚರಿಕೆ ಕೊಟ್ಟಿತು: ವಂಚಕರು ಹಣ ಕೊಟ್ಟು ಹುಡುಕಾಟದ ಫಲಿತಾಂಶಗಳ ನೆತ್ತಿಯ ಮೇಲೆ ಪರಿಚಿತ ಹೆಸರಿನ ಜಾಹೀರಾತು ಹಾಕಿಸುತ್ತಾರೆ, ಅದನ್ನು ಒತ್ತಿದವರು ಅಸಲಿಯನ್ನು ಪಡಿಯಚ್ಚಿನಂತೆ ಹೋಲುವ ಪುಟಕ್ಕೆ ಹೋಗುತ್ತಾರೆ. ಅದರ ಬೆನ್ನಿಗೇ 2023ರ ಆರಂಭದಲ್ಲಿ ವಿಎಲ್‌ಸಿ, 7-ಜಿಪ್, ನೋಟ್‌ಪ್ಯಾಡ್ ಪ್ಲಸ್ ಪ್ಲಸ್, ಒಬಿಎಸ್ ಮುಂತಾದವುಗಳ ಹೆಸರಿನಲ್ಲಿ ಇಂಥ ಜಾಹೀರಾತುಗಳ ಮೂಲಕ ಪಾಸ್‌ವರ್ಡ್ ಕಳ್ಳರನ್ನು ಹಂಚಿದ ಪ್ರಕರಣಗಳು ಒಂದರ ಮೇಲೊಂದರಂತೆ ಹೊರಬಂದವು. ಎಫ್‌ಬಿಐ ತನ್ನ ಸಲಹೆಗಳಲ್ಲಿ ಜಾಹೀರಾತು ತಡೆಯುವ ಬ್ರೌಸರ್ ವಿಸ್ತರಣೆಯನ್ನು ಬಳಸಿ ಎಂದೂ ಸೇರಿಸಿತ್ತು. ಪೊಲೀಸರೇ ಜಾಹೀರಾತನ್ನು ತಡೆಯಿರಿ ಎನ್ನುವ ಕಾಲ ಬಂದಿದೆ ಎಂಬುದನ್ನು ಗಮನಿಸಬೇಕು.

ವಿಳಾಸ ತಿಳಿಯಲು ನಾನು ಅನುಸರಿಸುವ ಕ್ರಮ ಇದು. ಆ ತಂತ್ರಾಂಶದ ವಿಕಿಪೀಡಿಯ ಪುಟವನ್ನು ತೆರೆದು, ಬದಿಯ ಪೆಟ್ಟಿಗೆಯಲ್ಲಿ ಕೊಟ್ಟಿರುವ ಅಧಿಕೃತ ತಾಣದ ಕೊಂಡಿಯ ಮೂಲಕ ಹೋಗುತ್ತೇನೆ. ಅಲ್ಲಿಯೂ ತಿದ್ದುಪಡಿ ಸಾಧ್ಯವೆಂಬುದು ಗೊತ್ತಿರುವುದರಿಂದ, ವಿಳಾಸವನ್ನು ಹುಡುಕಾಟದ ಜಾಹೀರಾತಲ್ಲದ ಫಲಿತಾಂಶದೊಂದಿಗೆ ತಾಳೆ ನೋಡುತ್ತೇನೆ. ವಿಎಲ್‌ಸಿಯ ತಾಣ ವಿಡಿಯೋಲ್ಯಾನ್ ಡಾಟ್ ಆರ್ಗ್. 7-ಜಿಪ್‌ನ ತಾಣದ ಹೆಸರಿನಲ್ಲಿ ಏಳಕ್ಕೂ ಜಿಪ್‌ಗೂ ನಡುವೆ ಒಂದು ಅಡ್ಡಗೆರೆ ಇದೆ, ಕೊನೆಯಲ್ಲಿ ಡಾಟ್ ಆರ್ಗ್ ಇದೆ. ಆ ಒಂದು ಗೆರೆಯನ್ನು ಬಿಟ್ಟರೆ, ಆರ್ಗ್ ಇದ್ದಲ್ಲಿ ಕಾಮ್ ಎಂದು ಬರೆದರೆ ಬೇರೆಯವರ ಮನೆಗೆ ಹೋಗುತ್ತೇವೆ. ಬ್ರೌಸರ್‌ನ ಬೀಗದ ಚಿತ್ರ ಇಲ್ಲಿ ಏನನ್ನೂ ಹೇಳುವುದಿಲ್ಲ. ನಮಗೂ ಆ ತಾಣಕ್ಕೂ ನಡುವಿನ ಮಾತನ್ನು ಬೇರೆ ಯಾರೂ ಕದ್ದು ಕೇಳುತ್ತಿಲ್ಲ ಎಂಬುದಷ್ಟೇ ಅದರ ಅರ್ಥ. ಆಚೆ ಕಡೆ ಇರುವವನು ಸಾಚಾ ಎಂಬ ಅರ್ಥ ಅದಕ್ಕಿಲ್ಲ. ನಕಲಿ ತಾಣಕ್ಕೂ ಬೀಗ ಪುಕ್ಕಟೆಯಾಗಿಯೇ ಸಿಗುತ್ತದೆ.

ಅಸಲಿ ತಾಣವೂ ಸಂಪೂರ್ಣ ನಿರ್ದೋಷಿಯಲ್ಲ. ಕಡತಗಳನ್ನು ಸರ್ವರ್‌ಗೆ ಸಾಗಿಸುವ ಫೈಲ್‌ಜಿಲ್ಲಾದ ಅಧಿಕೃತ ಪುಟದಲ್ಲಿ ವರ್ಷಗಳಿಂದ ಎದ್ದು ಕಾಣುವ ಬಟನ್ ಕೊಡುವುದು ಪ್ರಾಯೋಜಿತ ಕೊಡುಗೆಗಳುಳ್ಳ ಇನ್‌ಸ್ಟಾಲರನ್ನು. ಕೊಸರಿಲ್ಲದ ಆವೃತ್ತಿ ‘ಎಲ್ಲ ಆಯ್ಕೆಗಳನ್ನು ತೋರಿಸಿ’ ಎಂಬ ಕೊಂಡಿಯ ಹಿಂದಿರುತ್ತದೆ. 2015ರಲ್ಲಿ ಕಡತ ಹಂಚಿಕೊಳ್ಳಲು ಬಳಸುವ ಮ್ಯೂಟೊರೆಂಟ್‌ನ ಅಧಿಕೃತ ಇನ್‌ಸ್ಟಾಲರ್ ಜೊತೆಗೆ ಎಪಿಕ್ ಸ್ಕೇಲ್ ಎಂಬ ಕ್ರಿಪ್ಟೊ ಹಣ ಅಗೆಯುವ ತಂತ್ರಾಂಶ ಬಂದದ್ದು ದೊಡ್ಡ ಗಲಾಟೆಯಾಯಿತು. ಇವು ಒಡೆಯನೇ ತಿಳಿದು ಮಾಡಿದವು. ಒಡೆಯನಿಗೇ ತಿಳಿಯದೆ ಆದವು ಇನ್ನೂ ಕೆಟ್ಟವು. 2017ರ ಮೇ ತಿಂಗಳ ಆರಂಭದಲ್ಲಿ ವಿಡಿಯೊ ರೂಪ ಬದಲಿಸುವ ಹ್ಯಾಂಡ್‌ಬ್ರೇಕ್‌ನ ಒಂದು ಡೌನ್‌ಲೋಡ್ ಸರ್ವರ್‌ಗೆ ಯಾರೋ ನುಗ್ಗಿ ಮ್ಯಾಕ್ ಆವೃತ್ತಿಯ ಜಾಗದಲ್ಲಿ ಪ್ರೋಟಾನ್ ಎಂಬ ಕುತಂತ್ರಾಂಶವನ್ನು ಇಟ್ಟಿದ್ದರು. ಅದೇ ವರ್ಷದ ಆಗಸ್ಟ್ 15ರಿಂದ ಸೆಪ್ಟೆಂಬರ್ 12ರವರೆಗೆ ಗಣಕ ಶುಚಿ ಮಾಡುವ ಸಿಕ್ಲೀನರ್‌ನ 5.33ನೇ ಆವೃತ್ತಿ ಹಿಂಬಾಗಿಲೊಂದನ್ನು ಹೊತ್ತುಕೊಂಡೇ ಅಧಿಕೃತ ತಾಣದಿಂದ ಹೊರಟಿತ್ತು, ಸುಮಾರು 22.7 ಲಕ್ಷ ಗಣಕಗಳನ್ನು ಸೇರಿತು. ಅದರ ಮೇಲೆ ಸಂಸ್ಥೆಯ ಅಸಲಿ ಡಿಜಿಟಲ್ ಸಹಿಯೂ ಇತ್ತು.

ಇದನ್ನೆಲ್ಲ ಕೇಳಿದ ಮೇಲೆ ‘ಹಾಗಾದರೆ ಎಲ್ಲಿಂದ ತಂದರೇನು’ ಎನ್ನುವವರಿದ್ದಾರೆ. ಆ ವಾದವನ್ನು ನಾನು ಒಪ್ಪುವುದಿಲ್ಲ. ಸಿಕ್ಲೀನರ್ ಪ್ರಕರಣ ಸುದ್ದಿಯಾದದ್ದು ಅದು ಅಪರೂಪವಾದುದರಿಂದ, ಮತ್ತು ಅದನ್ನು ತಿಂಗಳೊಳಗೆ ಕಂಡುಹಿಡಿದು ತೆಗೆದು ಬಳಕೆದಾರರಿಗೆ ತಿಳಿಸುವ ಒಡೆಯನೊಬ್ಬ ಇದ್ದುದರಿಂದ. ನಕಲಿ ಪುಟದಿಂದ ತಂದ ಪ್ರತಿಯಲ್ಲಿ ಅದೇ ಆದಾಗ ತಿಳಿಸುವವರು ಯಾರೂ ಇರುವುದಿಲ್ಲ.

ಸ್ಟೋರ್, ವಿನ್‌ಗೆಟ್, ನೈನೈಟ್

ಈ ಮೂರನ್ನು ಒಂದೆಡೆ ಇಡಬಹುದು, ಏಕೆಂದರೆ ಮೂರರಲ್ಲೂ ಹುಡುಕಾಟದ ಜಾಹೀರಾತಿನ ಪುಟವನ್ನು ನಾವು ನೋಡುವುದೇ ಇಲ್ಲ.

ಮೈಕ್ರೋಸಾಫ್ಟ್ ಸ್ಟೋರ್ ಮನೆಮಂದಿಗೆ ಅತಿ ಸುಲಭ. ವಿಎಲ್‌ಸಿ, ಚಿತ್ರ ತಿದ್ದುವ ಗಿಂಪ್ ಮುಂತಾದವು ಅಲ್ಲಿ ಅಧಿಕೃತವಾಗಿಯೇ ಇವೆ, ಮತ್ತು ನವೀಕರಣ ತಾನಾಗಿ ಆಗುತ್ತದೆ. ಎರಡು ವಿಷಯ ನೆನಪಿರಲಿ. ಒಂದು, ಸ್ಟೋರ್‌ನಲ್ಲಿಯೂ ಹೆಸರು ಹೋಲುವ ಅನುಕರಣೆಗಳು ಇರುತ್ತವೆ, ಆದ್ದರಿಂದ ಹೆಸರಿನ ಕೆಳಗಿನ ಪ್ರಕಾಶಕರ ಹೆಸರನ್ನು ಓದಬೇಕು. ವಿಎಲ್‌ಸಿಗೆ ಅಲ್ಲಿ ವಿಡಿಯೋಲ್ಯಾನ್ ಎಂದೇ ಇರಬೇಕು. ಎರಡು, ಅಲ್ಲಿ ಬೆಲೆ ಕಂಡಾಕ್ಷಣ ಮೋಸವೆಂದು ತೀರ್ಮಾನಿಸಬಾರದು. ಚಿತ್ರ ಬಿಡಿಸುವ ಕ್ರಿತಾ ತನ್ನ ತಾಣದಲ್ಲಿ ಉಚಿತ, ಸ್ಟೋರ್‌ನಲ್ಲಿ ಹಣಕ್ಕೆ. ಆ ಹಣ ಅದನ್ನು ಬರೆಯುವವರಿಗೇ ಹೋಗುತ್ತದೆ. ಹಣ ಕೊಡಲು ಇಷ್ಟವಿಲ್ಲದವರು ತಾಣಕ್ಕೆ ಹೋಗಬಹುದು, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ವಿನ್‌ಗೆಟ್ ಎಂಬುದು ಮೈಕ್ರೋಸಾಫ್ಟ್‌ನದೇ ಆದ, 2021ರ ಮೇ ತಿಂಗಳಲ್ಲಿ ಮೊದಲ ಪೂರ್ಣ ಆವೃತ್ತಿ ಕಂಡ ಒಂದು ಸಾಧನ. ವಿಂಡೋಸ್ 11ರಲ್ಲಿ ಅದು ಮೊದಲೇ ಇರುತ್ತದೆ. ಕಪ್ಪು ಪರದೆಯಲ್ಲಿ ಆಜ್ಞೆ ಬರೆಯಬೇಕೆಂಬುದೇ ಅದರ ಬಗೆಗಿನ ಅಂಜಿಕೆ, ಆದರೆ ಬರೆಯಬೇಕಾದದ್ದು ಮೂರೇ ಪದ: ವಿನ್‌ಗೆಟ್, ಇನ್‌ಸ್ಟಾಲ್, ಆಮೇಲೆ ತಂತ್ರಾಂಶದ ಗುರುತು. ಮೊದಲು ಇನ್‌ಸ್ಟಾಲ್ ಎಂಬುದರ ಜಾಗದಲ್ಲಿ ಸರ್ಚ್ ಎಂದು ಬರೆದು ಗುರುತನ್ನು ನೋಡಿಕೊಳ್ಳಬೇಕು. ಇದು ಕಡತವನ್ನು ತನ್ನ ಬಳಿ ಇಟ್ಟುಕೊಂಡಿರುವುದಿಲ್ಲ. ಬರೆದವರು ಕಡತ ಇಟ್ಟಿರುವ ವಿಳಾಸ ಮತ್ತು ಆ ಕಡತದ ಬೆರಳಚ್ಚು (ಕಡತದ ಒಳಗಿರುವುದರಿಂದ ಲೆಕ್ಕಹಾಕಿ ಪಡೆದ ಗುರುತಿನ ಸಾಲು, ಹ್ಯಾಶ್) ಎರಡನ್ನೂ ಒಂದು ಸಾರ್ವಜನಿಕ ಪಟ್ಟಿಯಲ್ಲಿ ಇಟ್ಟಿರುತ್ತದೆ. ಇಳಿದ ಕಡತದ ಬೆರಳಚ್ಚು ಪಟ್ಟಿಯೊಂದಿಗೆ ಹೊಂದದಿದ್ದರೆ ಇನ್‌ಸ್ಟಾಲ್ ಮಾಡುವುದಿಲ್ಲ. ಆ ಪಟ್ಟಿಗೆ ಯಾರು ಬೇಕಾದರೂ ನಮೂದು ಸಲ್ಲಿಸಬಹುದು, ಆದರೆ ಅದು ಯಂತ್ರದ ತಪಾಸಣೆಯನ್ನೂ ಪರಿಶೀಲಕರ ಕಣ್ಣನ್ನೂ ದಾಟಿ ಬರಬೇಕು. ಹತ್ತು ಗಣಕಗಳಿರುವ ಶಾಲೆಯ ಪ್ರಯೋಗಾಲಯವನ್ನು ನೋಡಿಕೊಳ್ಳುವವರಿಗೆ ಇದಕ್ಕಿಂತ ಅನುಕೂಲದ್ದು ನನಗೆ ಕಾಣುವುದಿಲ್ಲ, ಏಕೆಂದರೆ ಒಂದೇ ಆಜ್ಞೆಯಲ್ಲಿ ಎಲ್ಲವನ್ನೂ ನವೀಕರಿಸಬಹುದು.

ಕಪ್ಪು ಪರದೆ ಬೇಡವೆನ್ನುವವರಿಗೆ ನೈನೈಟ್ ಇದೆ. ಬೇಕಾದ ತಂತ್ರಾಂಶಗಳಿಗೆ ಟಿಕ್ ಹಾಕಿದರೆ ಒಂದೇ ಸಣ್ಣ ಇನ್‌ಸ್ಟಾಲರ್ ಸಿಗುತ್ತದೆ. ಅದು ಅಸಲಿ ತಾಣಗಳಿಂದಲೇ ಕಡತ ತಂದು, ಕೊಡುಗೆಗಳಿಗೆಲ್ಲ ಬೇಡವೆಂದು ಹೇಳಿ, ಮೌನವಾಗಿ ಹಾಕಿ ಮುಗಿಸುತ್ತದೆ. ಅದರ ಪಟ್ಟಿ ಚಿಕ್ಕದು ಎಂಬುದೊಂದೇ ಕೊರತೆ. ಈ ಮೂರರಲ್ಲೂ ನುಡಿಯಂಥ ಕನ್ನಡದ ತಂತ್ರಾಂಶ ಸಿಗುತ್ತದೆಂದು ನಿರೀಕ್ಷಿಸಿ ಕೂರಬಾರದು.

ಡೌನ್‌ಲೋಡ್ ಸಂತೆಗಳು

ಸಾವಿರಾರು ತಂತ್ರಾಂಶಗಳನ್ನು ಒಂದೇ ಕಡೆ ಪೇರಿಸಿಟ್ಟಿರುವ ಪೋರ್ಟಲ್‌ಗಳ ಮೇಲೆ ಒಂದು ಕಾಲದಲ್ಲಿ ಎಲ್ಲರಿಗೂ ನಂಬಿಕೆಯಿತ್ತು, ನನಗೂ ಇತ್ತು. ಸೈಬರ್ ಸೆಂಟರ್‌ನಲ್ಲಿ ಗಂಟೆಗೆ ಇಷ್ಟೆಂದು ಕೊಟ್ಟು ಕೂತಾಗ ಅಸಲಿ ತಾಣವನ್ನು ಹುಡುಕುವ ವ್ಯವಧಾನ ಯಾರಿಗಿತ್ತು? ಆ ನಂಬಿಕೆ ಹೇಗೆ ಕರಗಿತು ಎಂಬುದಕ್ಕೆ ಎರಡು ಘಟನೆಗಳನ್ನು ನೆನೆಯಬೇಕು.

ಸಿನೆಟ್ ಸಂಸ್ಥೆಯ ಡೌನ್‌ಲೋಡ್ ಡಾಟ್ ಕಾಮ್ 2011ರಲ್ಲಿ ತನ್ನಲ್ಲಿರುವ ಕಡತಗಳಿಗೆ ತನ್ನದೇ ಇನ್‌ಸ್ಟಾಲರ್‌ನ ಹೊದಿಕೆ ಹೊದಿಸತೊಡಗಿತು. ಬಳಕೆದಾರರು ಮೊದಲು ಆ ಹೊದಿಕೆಯನ್ನು ಓಡಿಸಬೇಕು, ಅದು ಟೂಲ್‌ಬಾರ್‌ಗಳ ಕೊಡುಗೆಯನ್ನು ಮುಂದಿಟ್ಟ ಮೇಲೆ ಅಸಲಿ ಕಡತವನ್ನು ತರುತ್ತಿತ್ತು. ಎನ್‌ಮ್ಯಾಪ್ ಎಂಬ ಜಾಲ ತಪಾಸಣೆಯ ತಂತ್ರಾಂಶವನ್ನು ಬರೆದ, ಫ್ಯೋಡೋರ್ ಎಂಬ ಹೆಸರಿನಿಂದ ಪರಿಚಿತರಾದ ಗಾರ್ಡನ್ ಲಯನ್ ತಮ್ಮ ಕೃತಿಗೂ ಹೀಗೆ ಹೊದಿಕೆ ಹಾಕಿದ್ದನ್ನು ಆ ವರ್ಷದ ಡಿಸೆಂಬರ್‌ನಲ್ಲಿ ಕಂಡು ಬಹಿರಂಗವಾಗಿ ಪ್ರತಿಭಟಿಸಿದರು. ಅವರ ಕೋಪಕ್ಕೆ ಅರ್ಥವಿತ್ತು. ಟೂಲ್‌ಬಾರ್ ಬಂದು ಕೂತಾಗ ಬಳಕೆದಾರ ಬೈಯುವುದು ತಂತ್ರಾಂಶ ಬರೆದವನನ್ನು, ಹಣ ಎಣಿಸಿಕೊಂಡದ್ದು ಸಂತೆಯವನು.

ಎರಡನೆಯದು ಸೋರ್ಸ್‌ಫೋರ್ಜ್‌ನ ಕಥೆ, ಮತ್ತು ಅದು ಹೆಚ್ಚು ನೋವಿನದು, ಏಕೆಂದರೆ ಮೂಲ ಸಂಕೇತವನ್ನು ಎಲ್ಲರಿಗೂ ತೆರೆದಿಡುವ ಮುಕ್ತ ತಂತ್ರಾಂಶದವರೆಲ್ಲ ತಮ್ಮ ತವರೆಂದು ತಿಳಿದಿದ್ದ ತಾಣ ಅದು. 2013ರಲ್ಲಿ ಅದು ಡೆವ್‌ಶೇರ್ ಎಂಬ ಯೋಜನೆ ತಂದಿತು: ಬರೆದವರು ಒಪ್ಪಿದರೆ ಇನ್‌ಸ್ಟಾಲರ್‌ಗೆ ಕೊಡುಗೆಗಳನ್ನು ಸೇರಿಸಿ, ಬಂದ ಹಣದಲ್ಲಿ ಪಾಲು. ಗಿಂಪ್ ತಂಡ ಆ ವರ್ಷದ ನವೆಂಬರ್‌ನಲ್ಲಿ ಅಲ್ಲಿಂದ ಹೊರನಡೆಯಿತು. 2015ರ ಮೇ ತಿಂಗಳಲ್ಲಿ ಬಯಲಾದದ್ದೇನೆಂದರೆ, ಗಿಂಪ್‌ನ ವಿಂಡೋಸ್ ಆವೃತ್ತಿಯವರು ಬಿಟ್ಟುಹೋದ ಖಾತೆಯನ್ನು ಸೋರ್ಸ್‌ಫೋರ್ಜ್ ತನ್ನ ವಶಕ್ಕೆ ತೆಗೆದುಕೊಂಡು ಅಲ್ಲಿಂದ ಕೊಡುಗೆ ಬೆರೆಸಿದ ಇನ್‌ಸ್ಟಾಲರನ್ನು ಹಂಚುತ್ತಿತ್ತು. ಮನೆ ಬಿಟ್ಟು ಹೋದವರ ಹೆಸರಿನಲ್ಲೇ ಅಂಗಡಿ ತೆರೆದಂತಾಯಿತು. ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಕೂಡ ಆ ಬೆನ್ನಿಗೆ ಜಾಗ ಖಾಲಿ ಮಾಡಿತು. 2016ರ ಆರಂಭದಲ್ಲಿ ಒಡೆತನ ಬದಲಾಯಿತು, ಹೊಸ ಒಡೆಯರು ಮೊದಲು ಮಾಡಿದ ಕೆಲಸಗಳಲ್ಲಿ ಡೆವ್‌ಶೇರನ್ನು ನಿಲ್ಲಿಸಿದ್ದೂ ಒಂದು. ಇವತ್ತು ಸೋರ್ಸ್‌ಫೋರ್ಜ್ ಎಂದೊಡನೆ ಓಡಿಹೋಗಬೇಕಾಗಿಲ್ಲ. ಆದರೆ ನಿನ್ನೆಯ ಒಳ್ಳೆಯ ತಾಣ ಇವತ್ತಿಗೆ ಒಡೆತನ ಬದಲಾಗಿ ಹೇಗಾದೀತೆಂಬುದಕ್ಕೆ ಎರಡೂ ದಿಕ್ಕಿನ ಉದಾಹರಣೆ ಅಲ್ಲೇ ಇದೆ.

ಆದ್ದರಿಂದ ಪೋರ್ಟಲ್ ವಿಷಯದಲ್ಲಿ ನನ್ನ ನಿಯಮ ಒಂದೇ: ಅಸಲಿ ತಾಣವೇ ಕೈಹಿಡಿದು ಅಲ್ಲಿಗೆ ಕಳಿಸಿದರೆ ಹೋಗಬಹುದು, ಹುಡುಕಾಟದ ಪುಟ ಕಳಿಸಿದರೆ ಹೋಗಬಾರದು. ಕೆಲವು ಯೋಜನೆಗಳು ದೊಡ್ಡ ಕಡತಗಳನ್ನು ಇಡಲು ಬೇರೆ ತಾಣಗಳ ನೆರವು ಪಡೆಯುತ್ತವೆ, ಅದು ಸಹಜ. ಇನ್ನು ಪುಟದೊಳಗಿನ ಗೊಂದಲ. ಇಂಥ ಪುಟಗಳಲ್ಲಿ ಎದ್ದು ಕಾಣುವ ಡೌನ್‌ಲೋಡ್ ಬಟನ್‌ಗಳಲ್ಲಿ ಹಲವು ಜಾಹೀರಾತುಗಳೇ ಆಗಿರುತ್ತವೆ, ಅಸಲಿ ಕೊಂಡಿ ಸಣ್ಣ ಅಕ್ಷರದಲ್ಲಿ ಎಲ್ಲೋ ಮೂಲೆಯಲ್ಲಿರುತ್ತದೆ. ಇಳಿದ ಕಡತದ ಗಾತ್ರವನ್ನೂ ನೋಡಬೇಕು. ವಿಎಲ್‌ಸಿ ಇನ್‌ಸ್ಟಾಲರ್ 40 ಎಂಬಿಯ ಆಸುಪಾಸಿನದು. ಇಳಿದದ್ದು ಎರಡೇ ಎಂಬಿ ಇದ್ದರೆ ಅದು ಹೊದಿಕೆ ಮಾತ್ರ, ಒಳಗೆ ವಿಎಲ್‌ಸಿ ಇಲ್ಲ. ಹಾಗೆಂದು ಸಣ್ಣದೆಲ್ಲ ಕೆಟ್ಟದ್ದಲ್ಲ. 7-ಜಿಪ್ ಇರುವುದೇ ಅಷ್ಟು. ಗಾತ್ರವನ್ನು ಅಸಲಿ ಪುಟದಲ್ಲಿ ಬರೆದದ್ದರೊಂದಿಗೆ ಹೋಲಿಸಬೇಕು.

ಕ್ರ್ಯಾಕ್ ಮತ್ತು ಪೆನ್‌ಡ್ರೈವ್

ನಮ್ಮ ಊರುಗಳ ಡಿಟಿಪಿ ಅಂಗಡಿಗಳಲ್ಲಿ ಪೇಜ್‌ಮೇಕರ್, ಕೋರೆಲ್‌ಡ್ರಾ, ಫೋಟೋಶಾಪ್‌ಗಳು ಹೇಗೆ ಬಂದವೆಂದು ಬಿಡಿಸಿ ಹೇಳಬೇಕಾಗಿಲ್ಲ. ಕಾನೂನಿನ ಮಾತನ್ನು ಬದಿಗಿಟ್ಟು ಬರೀ ಸುರಕ್ಷತೆಯ ದೃಷ್ಟಿಯಿಂದ ನೋಡಿದರೂ ಹಣದ ತಂತ್ರಾಂಶದ ಬೀಗ ಮುರಿದ ಪ್ರತಿ, ಅಂದರೆ ಕ್ರ್ಯಾಕ್, ಎಲ್ಲಕ್ಕಿಂತ ಕೆಟ್ಟ ದಾರಿ. ಕಾರಣ ಅದರ ಬಳಕೆಯ ಸೂಚನೆಗಳಲ್ಲೇ ಇದೆ. ‘ಮೊದಲು ಆಂಟಿವೈರಸ್ ಆಫ್ ಮಾಡಿ’ ಎನ್ನುತ್ತಾರೆ. ಬೇರೆ ಯಾವ ವ್ಯಾಪಾರದಲ್ಲಿ ಸರಕು ಒಳಗೆ ತರುವ ಮೊದಲು ಕಾವಲುಗಾರನನ್ನು ಮನೆಗೆ ಕಳಿಸಿ ಎನ್ನುತ್ತಾರೆ? ಕಡತ ಪಾಸ್‌ವರ್ಡ್ ಹಾಕಿದ ಜಿಪ್‌ನಲ್ಲಿರುತ್ತದೆ, ಪಾಸ್‌ವರ್ಡ್ ಪಕ್ಕದಲ್ಲೇ ಬರೆದಿರುತ್ತದೆ. ಗುಟ್ಟಾಗಿಡುವ ಉದ್ದೇಶ ಅದಕ್ಕಿಲ್ಲ, ತಪಾಸಣೆ ಮಾಡುವ ತಂತ್ರಾಂಶಕ್ಕೆ ಒಳಗೇನಿದೆ ಎಂದು ಕಾಣಬಾರದು ಎಂಬುದೇ ಉದ್ದೇಶ. ವಿಂಡೋಸ್ ಮತ್ತು ಆಫೀಸನ್ನು ಹಣ ಕೊಡದೆ ಸಕ್ರಿಯಗೊಳಿಸುವ ಕೆಎಂಎಸ್‌ಪಿಕೊ ಎಂಬುದರ ಹೆಸರಿನಲ್ಲಿ ಕ್ರಿಪ್ಟ್‌ಬಾಟ್ ಎಂಬ ಕಳ್ಳ ತಂತ್ರಾಂಶವನ್ನು ಹಂಚುತ್ತಿದ್ದುದನ್ನು ರೆಡ್ ಕ್ಯಾನರಿ ಎಂಬ ಸೈಬರ್ ಭದ್ರತಾ ಸಂಸ್ಥೆ 2021ರ ಡಿಸೆಂಬರ್‌ನಲ್ಲಿ ವಿವರವಾಗಿ ಹೊರಹಾಕಿತ್ತು. ಕದ್ದದ್ದನ್ನು ತಂದವನು ದೂರು ಕೊಡಲು ಹಿಂಜರಿಯುತ್ತಾನೆ ಎಂಬುದೂ ಹಂಚುವವರ ಲೆಕ್ಕಾಚಾರದಲ್ಲಿ ಇದ್ದೇ ಇರುತ್ತದೆ.

ಬದಲಿಗಳು ಇವೆ: ಆಫೀಸಿನ ಜಾಗಕ್ಕೆ ಲಿಬ್ರೆ ಆಫೀಸ್, ಕೋರೆಲ್ ಜಾಗಕ್ಕೆ ಇಂಕ್‌ಸ್ಕೇಪ್, ಪುಟವಿನ್ಯಾಸಕ್ಕೆ ಸ್ಕ್ರೈಬಸ್, ಚಿತ್ರಕ್ಕೆ ಗಿಂಪ್. ಅವು ಪೂರ್ತಿ ಸಮಾನವೆಂದು ನಾನು ಹೇಳುವುದಿಲ್ಲ. ಯೂನಿಕೋಡ್ ಅಲ್ಲದ ಹಳೆಯ ನುಡಿ ಅಕ್ಷರಗಳಲ್ಲಿ ಇಪ್ಪತ್ತು ವರ್ಷಗಳ ಕಡತ ಇಟ್ಟುಕೊಂಡಿರುವ ಅಂಗಡಿಯವರಿಗೆ ಒಂದೇ ವಾರದಲ್ಲಿ ಬದಲಾಗಿ ಎನ್ನುವುದು ಸುಲಭ, ಮಾಡುವುದು ಕಷ್ಟ. ಕನಿಷ್ಠ, ಅಂಥ ಗಣಕದಲ್ಲಿ ಬ್ಯಾಂಕಿನ ವ್ಯವಹಾರ ಮಾಡದಿರುವುದು, ಪಾಸ್‌ವರ್ಡ್ ಉಳಿಸದಿರುವುದು ಇವತ್ತೇ ಸಾಧ್ಯ.

ಪೆನ್‌ಡ್ರೈವ್‌ನಲ್ಲಿ ಗೆಳೆಯರು ಪ್ರೀತಿಯಿಂದ ಕೊಡುವ ಇನ್‌ಸ್ಟಾಲರ್‌ಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೊಡುವವರ ಮನಸ್ಸು ಒಳ್ಳೆಯದೇ, ಆದರೆ ಅವರು ಎಲ್ಲಿಂದ ತಂದರು ಎಂಬುದು ಅವರಿಗೂ ನೆನಪಿರುವುದಿಲ್ಲ. ಮೊಬೈಲ್‌ನಲ್ಲಿ ಇದರ ರೂಪ ವಾಟ್ಸ್‌ಆ್ಯಪ್‌ನಲ್ಲಿ ಬರುವ ಎಪಿಕೆ ಕಡತ, ಅಂದರೆ ಆಂಡ್ರಾಯ್ಡ್ ಆ್ಯಪ್‌ನ ಇನ್‌ಸ್ಟಾಲರ್. ಮದುವೆಯ ಆಮಂತ್ರಣವೆಂದೋ ವಾಹನದ ದಂಡದ ಚಲನ್ ಎಂದೋ ಬರುವ ಎಪಿಕೆಗಳು ಎಸ್‌ಎಂಎಸ್ ಓದಲು ಅನುಮತಿ ಕೇಳುತ್ತವೆ, ಕೊಟ್ಟರೆ ಒಟಿಪಿ ಅವರ ಕೈ ಸೇರುತ್ತದೆ. ಆಮಂತ್ರಣಕ್ಕೆ ಎಪಿಕೆ ಬೇಕಾಗಿಲ್ಲ. ಫೋನಿನಲ್ಲಿ ಪ್ಲೇ ಸ್ಟೋರ್, ಮುಕ್ತ ತಂತ್ರಾಂಶ ಬೇಕೆನ್ನುವವರಿಗೆ ಎಫ್-ಡ್ರಾಯ್ಡ್, ಈ ಎರಡರಾಚೆ ಸಾಮಾನ್ಯ ಬಳಕೆದಾರರು ಹೋಗಬೇಕಾದ ಪ್ರಸಂಗ ಅಪರೂಪ.

ಕಡತ ಕೈಗೆ ಬಂದ ಮೇಲೆ

ಯಾವ ದಾರಿಯಿಂದ ತಂದರೂ ಓಡಿಸುವ ಮೊದಲು ಎರಡು ನಿಮಿಷ ಕೊಡಬೇಕು. ಕಡತದ ಮೇಲೆ ಬಲಗಡೆಯ ಬಟನ್ ಒತ್ತಿ ಪ್ರಾಪರ್ಟೀಸ್ ತೆರೆದರೆ, ಸಹಿ ಇರುವ ಕಡತದಲ್ಲಿ ಡಿಜಿಟಲ್ ಸಿಗ್ನೇಚರ್ಸ್ ಎಂಬ ಪುಟ ಇರುತ್ತದೆ. ಅಲ್ಲಿ ವಿಡಿಯೋಲ್ಯಾನ್ ಎಂದಿರಬೇಕಾದ ಕಡೆ ಎಂದೂ ಕೇಳದ ಕಂಪನಿಯ ಹೆಸರಿದ್ದರೆ ಕಡತವನ್ನು ಅಳಿಸಿಬಿಡಬೇಕು. ಸಹಿ ಇಲ್ಲದಿರುವುದು ಮಾತ್ರ ಅಪರಾಧದ ಸಾಕ್ಷಿಯಲ್ಲ. ಸಹಿಯ ಪ್ರಮಾಣಪತ್ರಕ್ಕೆ ಹಣ ಬೇಕು, 7-ಜಿಪ್‌ನಂಥ ಹೆಸರಾಂತ ತಂತ್ರಾಂಶದ ಕಡತಕ್ಕೂ ಬಹುಕಾಲ ಸಹಿ ಇರಲಿಲ್ಲ. ಅಂಥಲ್ಲಿ ಬೆರಳಚ್ಚು ನೋಡಬಹುದು. ವಿಂಡೋಸ್‌ನಲ್ಲಿ ಆಜ್ಞೆ ಬರೆಯುವ ಪರದೆಯಾದ ಪವರ್‌ಶೆಲ್‌ನ ಗೆಟ್-ಫೈಲ್‌ಹ್ಯಾಶ್ ಆಜ್ಞೆ 64 ಅಕ್ಷರಗಳ ಒಂದು ಸಾಲನ್ನು ಕೊಡುತ್ತದೆ. ಅಸಲಿ ತಾಣದಲ್ಲಿ ಪ್ರಕಟಿಸಿದ ಸಾಲಿನೊಂದಿಗೆ ಅದು ಅಕ್ಷರಶಃ ಹೊಂದಬೇಕು. ಕಡತ ತಂದ ನಕಲಿ ಪುಟದಲ್ಲೇ ಬರೆದ ಬೆರಳಚ್ಚನ್ನು ನೋಡಿ ಸಮಾಧಾನಪಟ್ಟುಕೊಂಡರೆ ಕಳ್ಳನ ಸಾಕ್ಷಿಗೆ ಕಳ್ಳನನ್ನೇ ಕರೆದಂತೆ.

2012ರಿಂದ ಗೂಗಲ್‌ನ ಒಡೆತನದಲ್ಲಿರುವ ವೈರಸ್‌ಟೋಟಲ್‌ಗೆ ಕಡತವನ್ನು ಕೊಟ್ಟರೆ ಎಪ್ಪತ್ತರ ಆಸುಪಾಸಿನ ಆಂಟಿವೈರಸ್‌ಗಳು ಅದನ್ನು ನೋಡಿ ತಮ್ಮ ಅಭಿಪ್ರಾಯ ಹೇಳುತ್ತವೆ. ಒಂದೆರಡು ಕೆಂಪು ಬಂದರೆ ಗಾಬರಿ ಬೇಡ, ಹತ್ತಾರು ಬಂದರೆ ಸಂಶಯ ಬೇಡ. ಎಲ್ಲ ಹಸಿರಾಗಿದ್ದರೂ ಕಡತ ಹೊಚ್ಚ ಹೊಸದಾಗಿದ್ದರೆ ಎರಡು ದಿನ ಬಿಟ್ಟು ಮತ್ತೆ ನೋಡುವುದು ಒಳ್ಳೆಯದು. ಅಲ್ಲಿಗೆ ಕೊಟ್ಟ ಕಡತಗಳು ಭದ್ರತಾ ಸಂಸ್ಥೆಗಳ ಕೈಗೂ ಹೋಗುವುದರಿಂದ ಸ್ವಂತ ದಾಖಲೆಗಳನ್ನು ಅಲ್ಲಿ ಹಾಕಬಾರದು. ಇದಲ್ಲದೆ ವಿಂಡೋಸ್ ಸೆಕ್ಯುರಿಟಿಯಲ್ಲಿ ಅನಪೇಕ್ಷಿತ ಆ್ಯಪ್‌ಗಳನ್ನು ತಡೆಯುವ ಆಯ್ಕೆಯೊಂದಿದೆ. ಅದು ಕೊಸರಿನ ಎರಡನೇ ಮಟ್ಟದವರನ್ನು ಹಿಡಿಯಲೆಂದೇ ಇರುವುದು. ಆನ್ ಇದೆಯೇ ಎಂದು ಒಮ್ಮೆ ನೋಡಿಕೊಳ್ಳಬೇಕು.

ಇನ್‌ಸ್ಟಾಲ್ ಮಾಡುವಾಗ ‘ಎಕ್ಸ್‌ಪ್ರೆಸ್’ ಅಥವಾ ‘ಶಿಫಾರಸು ಮಾಡಿದ್ದು’ ಎಂಬುದನ್ನು ಬಿಟ್ಟು ‘ಕಸ್ಟಮ್’ ಆರಿಸಬೇಕು. ಕೊಸರುಗಳೆಲ್ಲ ‘ಎಕ್ಸ್‌ಪ್ರೆಸ್’ನ ಹಿಂದೆಯೇ ಅಡಗಿರುತ್ತವೆ. ‘ಡಿಕ್ಲೈನ್’ ಎಂಬ ಬಟನ್ ಮಾಸಲು ಬಣ್ಣದಲ್ಲಿರುವುದರಿಂದ ಅದು ಕೆಲಸ ಮಾಡದು ಎಂದುಕೊಳ್ಳುತ್ತೇವೆ. ಒತ್ತಿ ನೋಡಿದರೆ ಮಾಡುತ್ತದೆ. ಅದನ್ನು ಒತ್ತಿದರೆ ಇಡೀ ತಂತ್ರಾಂಶವೇ ನಿಂತುಹೋದೀತೆಂಬ ಹೆದರಿಕೆಯೂ ಬೇಡ. ನಿಂತುಹೋದರೆ ಅದು ಬೇಕಾದ ತಂತ್ರಾಂಶವೇ ಅಲ್ಲ.

ಇಷ್ಟಾದರೂ ಸಂಶಯದ ಕಡತ ಓಡಿಬಿಟ್ಟಿದ್ದರೆ ಮೊದಲು ಅಂತರಜಾಲ ಸಂಪರ್ಕ ಕಡಿಯಬೇಕು. ಆಮೇಲೆ ಬೇರೊಂದು ಗಣಕದಿಂದ ಅಥವಾ ಫೋನಿನಿಂದ ಇಮೇಲ್ ಮತ್ತು ಬ್ಯಾಂಕಿನ ಪಾಸ್‌ವರ್ಡ್‌ಗಳನ್ನು ಬದಲಿಸಬೇಕು. ಸೋಂಕಿರುವ ಗಣಕದಲ್ಲೇ ಬದಲಿಸಿದರೆ ಹೊಸದೂ ಅವರ ಕೈ ಸೇರುತ್ತದೆ. ಕುಕಿ ಕಳವಾಗಿರಬಹುದಾದ್ದರಿಂದ ಪ್ರತಿ ಖಾತೆಯಲ್ಲೂ ‘ಎಲ್ಲ ಸಾಧನಗಳಿಂದ ಲಾಗೌಟ್’ ಎಂಬುದನ್ನು ಒತ್ತುವುದು ಪಾಸ್‌ವರ್ಡ್ ಬದಲಿಸುವಷ್ಟೇ ಮುಖ್ಯ. ಗಣಕವನ್ನು ವಿಂಡೋಸ್ ಡಿಫೆಂಡರ್‌ನ ಆಫ್‌ಲೈನ್ ತಪಾಸಣೆಗೆ ಒಡ್ಡಬೇಕು. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ 2017ರಿಂದ ನಡೆಸುತ್ತಿರುವ ಸೈಬರ್ ಸ್ವಚ್ಛತಾ ಕೇಂದ್ರದ ತಾಣದಲ್ಲಿ ಉಚಿತ ಶುದ್ಧೀಕರಣ ಸಾಧನಗಳ ಕೊಂಡಿಗಳಿವೆ. ಪಾಸ್‌ವರ್ಡ್ ಕಳ್ಳನೇ ಬಂದಿದ್ದನೆಂದು ಖಚಿತವಾದರೆ ಕಡತಗಳನ್ನು ಮಾತ್ರ ಬೇರೆಡೆ ಇಟ್ಟುಕೊಂಡು ವಿಂಡೋಸನ್ನು ಹೊಸದಾಗಿ ಹಾಕುವುದೇ ಮೇಲು. ಖಾತೆಯಿಂದ ಹಣ ಹೋಗಿದ್ದರೆ ಇವೆಲ್ಲಕ್ಕಿಂತ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಹಣ ಮುಂದಿನ ಖಾತೆಗೆ ದಾಟುವ ಮುನ್ನ ತಡೆಹಿಡಿಯುವ ಅವಕಾಶ ಮೊದಲ ಕೆಲವು ಗಂಟೆಗಳಲ್ಲಿ ಹೆಚ್ಚು.